ಮೇಷ್ಟ್ರು ಎದ್ದು ಬಂದಿದ್ದರೇ?

ಬೇರೆ ಯಾರಾದರೂ ಇಂಥದೊಂದು ಸಂಗತಿಯನ್ನು ನನ್ನೆದುರು ಹೇಳಿದ್ದರೆ, “ಆಗ ನೀವು ಎಲ್ಲಿದ್ದಿರಿ, ಬೆಳಕು ಎಷ್ಟಿತ್ತು?” ಎಂದು ನಾನು ಮೊದಲು ಕೇಳುತ್ತಿದ್ದೆ. ಅದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಮುಂದಿನದಕ್ಕೆ ಕಿವಿ ಕೊಡುತ್ತಿರಲಿಲ್ಲ. ಅದು ನನ್ನ ಸ್ವಭಾವ, ಸ್ವಲ್ಪಮಟ್ಟಿಗೆ ನನ್ನ ಉದ್ಯೋಗವೂ ಹೌದು. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಬಹಳ ವರ್ಷ ದುಡಿದವನು ನಾನು. ಯಂತ್ರದ ಬಿಡಿಭಾಗಗಳು ಹೇಳಿದ ಅಳತೆಗೆ ಬಂದಿವೆಯೇ ಎಂದು ನೋಡಿ, ಬಾರದ್ದನ್ನು ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸ. ಪವಾಡಗಳನ್ನು, ಸ್ವಾಮಿಗಳನ್ನು, ಕಣ್ಣು ಮುಚ್ಚಿ ಕೂತು ಏನೋ ಕಂಡೆವೆನ್ನುವವರನ್ನು ನಾನು ಹಾಗೆಯೇ ಪಕ್ಕಕ್ಕೆ ಎತ್ತಿಟ್ಟಿದ್ದೆ. ಈಗ ಹೇಳಹೊರಟಿರುವುದೂ ಆ ಕಡೆಗೇ ಸೇರಬೇಕಾದದ್ದು. ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನಾನು ಎಲ್ಲಿದ್ದೆ, ಬೆಳಕು ಎಷ್ಟಿತ್ತು ಎಂಬುದನ್ನಂತೂ ಸರಿಯಾಗಿ ಹೇಳುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ಜಯನಗರದಲ್ಲಿ ಬಾಡಿಗೆ ಮನೆಯೊಂದರಲ್ಲಿ ನಾನೂ ನನ್ನ ಹೆಂಡತಿ ಪದ್ಮಳೂ ಇದ್ದೆವು. ನಮ್ಮ ಬೀದಿಯಲ್ಲಿ ಏಳು ಮನೆಗಳು ಎದ್ದಿದ್ದವು, ಉಳಿದದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟು. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ. ಮೂರು ವರ್ಷದಲ್ಲಿ ನಮಗೆ ಎರಡು ಮಕ್ಕಳು ಹುಟ್ಟಿ ಎರಡೂ ಉಳಿದಿರಲಿಲ್ಲ. ಮೊದಲನೆಯದು ಹುಟ್ಟುವಾಗಲೇ ಹೋಯಿತು. ಎರಡನೆಯದು ಹೆಣ್ಣು, ಹತ್ತು ದಿನ ಇತ್ತು. ಹನ್ನೊಂದನೆಯ ದಿನ ಹೆಸರಿಡಬೇಕೆಂದು ತೊಟ್ಟಿಲು ತಂದು ತೊಳೆದಿಟ್ಟಿದ್ದೆವು.

ಆಮೇಲೆ ಪದ್ಮ ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಿದ್ದಳು. ಆದರೆ ನಿದ್ದೆ ಮಾಡುತ್ತಿರಲಿಲ್ಲ. ಟ್ರಂಕಿನಲ್ಲಿದ್ದ ಕೂಸಿನ ಬಟ್ಟೆಗಳನ್ನು ತೆಗೆದು ಬಿಚ್ಚಿ, ಮತ್ತೆ ಮಡಿಸಿ ಇಡುತ್ತಿದ್ದಳು. ಮಧ್ಯಾಹ್ನ ನಾನು ಮನೆಯಲ್ಲಿ ಇರುತ್ತಿರಲಿಲ್ಲವಾದ್ದರಿಂದ ಇದು ದಿನಕ್ಕೆ ಎಷ್ಟು ಸಲ ನಡೆಯುತ್ತಿತ್ತೋ ತಿಳಿಯದು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಬಾಟಲಿ ಮುಗಿಯಿತು, ಬೇರೇನೂ ಆಗಲಿಲ್ಲ.

ಪಕ್ಕದ ಮನೆಯ ನಾಗರತ್ನಮ್ಮ ಐವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಮಂಡಿ ನೋವಿಗೆಂದು ಅವರು ತ್ಯಾಗರಾಜನಗರದ ಒಂದು ಮನೆಗೆ ಯೋಗ ಕಲಿಯಲು ಹೋಗುತ್ತಿದ್ದರು. ಒಂದು ದಿನ ಪದ್ಮಳನ್ನೂ ಹೊರಡಿಸಿಕೊಂಡು ಹೋದರು. ಕಲಿಸುತ್ತಿದ್ದವರು ಹೈಸ್ಕೂಲಿನಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ.

ಒಂದು ತಿಂಗಳಲ್ಲಿ ಪದ್ಮಳಿಗೆ ನಿದ್ದೆ ಬರತೊಡಗಿತು. ಇದು ನನಗೆ ಸಂತೋಷ ಕೊಡಬೇಕಾಗಿತ್ತು, ಕೊಡಲಿಲ್ಲ. ಬೆಳಿಗ್ಗೆ ಅವಳು ಬಂದಾಗ ಮುಖದಲ್ಲಿ ನನಗೆ ಪರಿಚಯವಿಲ್ಲದ ಒಂದು ನೆಮ್ಮದಿ ಇರುತ್ತಿತ್ತು. ಏನು ಕಲಿಸುತ್ತಾರೆ ಎಂದು ಕೇಳಿದರೆ, “ಏನಿಲ್ಲ, ಮಲಗಿಸ್ತಾರೆ. ಅಲ್ಲಿ ಮಲಗಿದ್ರೆ ಭಾರ ಎಲ್ಲ ಕೆಳಗೆ ಇಟ್ಟ ಹಾಗಿರತ್ತೆ” ಎಂದಳು. ನಾನು ಆ ಉತ್ತರವನ್ನು ಎರಡು ದಿನ ಮೆಲುಕು ಹಾಕಿದೆ. ಮೂರನೆಯ ದಿನ ಸಂಜೆ ಬಂದಾಗ, ಎದುರು ಸೈಟಿನಲ್ಲಿ ಗಾರೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಕಂಕುಳಲ್ಲಿದ್ದ ಕೂಸಿನ ಮೈಮೇಲೆ ಹಳದಿ ಸ್ವೆಟರ್ ಕಂಡಿತು. ಪದ್ಮ ಹೆಣೆದದ್ದು. ಟ್ರಂಕಿನಲ್ಲಿದ್ದದ್ದು.

“ಯಾರು ಹೇಳಿದ್ರು ಕೊಡು ಅಂತ?” ಎಂದೆ.

“ಯಾರೂ ಹೇಳ್ಲಿಲ್ಲ ರೀ. ಆ ಮಗು ಚಳೀಲಿ ನಡುಗ್ತಿತ್ತು.”

“ಮೇಷ್ಟ್ರು ಹೇಳಿರ್ಬೇಕು. ಎಲ್ಲಾ ಬಿಟ್ಬಿಡಿ ಅಂತ ತಾನೇ ಇವರೆಲ್ಲ ಕಲ್ಸೋದು? ಇವತ್ತು ಸ್ವೆಟರ್ರು. ನಾಳೆ ಏನು ಬಿಡ್ತೀಯ?”

ಅವಳಿಗೆ ನನ್ನ ಭಯ ಅರ್ಥವಾಯಿತು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಅವರು ಕಲ್ಸೋದು ಉಸಿರಾಡೋದು, ಅಷ್ಟೇ. ನೀವೇ ಹದಿನೈದು ದಿನ ಬನ್ನಿ. ಒಂದೇ ಒಂದು ಮೋಸ ಕಂಡ್ರೂ ಹೇಳಿ, ಅವತ್ತಿಂದ ನಾನು ಹೋಗಲ್ಲ. ಕಾಣ್ದೆ ಇದ್ರೆ ಆಮೇಲೆ ನನ್ನ ಕೇಳ್ಬಾರ್ದು. ನೀವು ಇಲ್ಲದ್ದನ್ನ ಇದೆ ಅನ್ನೋರಲ್ಲ, ಅದಕ್ಕೇ ಕರೀತಿರೋದು” ಎಂದಳು.

ಹೀಗೆ ನಾನು ಯೋಗ ಕಲಿಯಲು ಹೋದೆ. ಕಲಿಯಲು ಎಂದರೆ ಸುಳ್ಳಾಗುತ್ತದೆ. ಹಿಡಿಯಲು ಹೋದೆ.

ಮೇಷ್ಟ್ರ ಮನೆಯ ನಡುಮನೆ ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ. ಕೆಂಪು ಗಾರೆ ನೆಲ, ಸುಣ್ಣ ಬಳಿದ ತಾರಸಿ. ಪೂರ್ವಕ್ಕೆ ಎರಡು ಕಿಟಕಿ. ಜಗುಲಿಗೆ ಒಂದು ಬಾಗಿಲು, ಅಡುಗೆಮನೆಗೆ ಒಂದು ಬಾಗಿಲು. ಮೊದಲ ದಿನ ಒಳಗೆ ಕಾಲಿಟ್ಟಾಗ ನೆಲ ನೋಡಿ ನನಗೆ ಮೈ ಜುಮ್ಮೆಂದಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಮನುಷ್ಯರ ಹೊರಗೆರೆ ಬರೆದಿತ್ತು. ತಲೆ, ಹೆಗಲು, ಸ್ವಲ್ಪ ದೂರ ಚಾಚಿದ ಕೈ, ಅಗಲಿಸಿದ ಕಾಲು. ಡ್ರಾಯಿಂಗ್ ಮೇಷ್ಟ್ರಲ್ಲವೇ, ಯಾರು ಎಲ್ಲಿ ಹೇಗೆ ಮಲಗಬೇಕೆಂದು ಬಾಯಲ್ಲಿ ಹೇಳುವ ಬದಲು ಪ್ರತಿದಿನ ಬೆಳಿಗ್ಗೆ ಬರೆದಿಡುತ್ತಿದ್ದರು. ತಲೆಗಳೆಲ್ಲ ಪೂರ್ವಕ್ಕೆ. ಅಡುಗೆಮನೆಯ ಕಡೆ ಐದು ಹೆಂಗಸರ ಸಾಲು, ಜಗುಲಿಯ ಕಡೆ ನಾಲ್ಕು ಗಂಡಸರ ಸಾಲು. ಗಂಡಸರ ಸಾಲಿನಲ್ಲಿ ಕೊನೆಯವನು ನಾನು. ನಮ್ಮ ಪಾದಗಳ ಆಚೆ, ಪಶ್ಚಿಮದ ಗೋಡೆಗೆ ಒರಗಿ ಮೇಷ್ಟ್ರು ಒಂದು ಮಣೆಯ ಮೇಲೆ ಕೂರುತ್ತಿದ್ದರು.

ಐದೂವರೆಗೆ ಆಸನಗಳು ಶುರುವಾಗಿ ಆರೂವರೆಯ ಹೊತ್ತಿಗೆ ಶವಾಸನಕ್ಕೆ ಬರುತ್ತಿತ್ತು. ಎಲ್ಲರೂ ಆ ಗೆರೆಗಳೊಳಗೆ ಅಂಗಾತ ಮಲಗಿ ಕಣ್ಣು ಮುಚ್ಚಬೇಕು. ಉಸಿರು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಸುಮ್ಮನೆ ನೋಡಬೇಕು. ಕಾಲು ಗಂಟೆಯ ಮೇಲೆ ಮೇಷ್ಟ್ರು ಎದ್ದು, ಎಡಗೈಯಲ್ಲಿ ಪಂಚಪಾತ್ರೆ ಹಿಡಿದು, ತೀರ್ಥ ಕೊಡುವ ಉದ್ಧರಣೆಯಿಂದ ಒಬ್ಬೊಬ್ಬರ ಹಣೆಯ ಮೇಲೂ ಒಂದೊಂದು ತೊಟ್ಟು ನೀರು ಬಿಡುತ್ತಿದ್ದರು. ನೀರು ಬಿದ್ದವರು ಮೆಲ್ಲಗೆ ಎದ್ದು ಕೂರಬೇಕು. ಯಾವಾಗಲೂ ಹೆಂಗಸರ ಸಾಲಿನಿಂದ ಮೊದಲು. ಇದೇಕೆ ಎಂದು ಕೇಳಿದೆ. ಗಂಟೆ ಹೊಡೆದರೆ ಬೆಚ್ಚಿಬೀಳುತ್ತಾರೆ, ಹೆಸರು ಹಿಡಿದು ಕೂಗಿದರೆ ಎಲ್ಲರಿಗೂ ಎಚ್ಚರವಾಗುತ್ತದೆ, ಹೆಂಗಸರನ್ನು ಮುಟ್ಟಿ ಎಬ್ಬಿಸುವ ಹಾಗಿಲ್ಲ, ಅದಕ್ಕೆ ನೀರು ಎಂದರು. ಉತ್ತರ ಸರಳವಾಗಿತ್ತು. ಆದ್ದರಿಂದಲೇ ನನಗೆ ಸಮಾಧಾನವಾಗಲಿಲ್ಲ. ಒಂದು ದಿನ ಯಾರೂ ಇಲ್ಲದಾಗ ಆ ನೀರನ್ನು ಮೂಸಿ ನೋಡಿದೆ, ನಾಲಿಗೆಗೆ ಹಚ್ಚಿ ನೋಡಿದೆ. ಬಾವಿ ನೀರು. ಒಂದು ತುಳಸಿ ಎಲೆ.

ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಕತ್ತು ನೋವೆಂದು ನೆಪ ಹೇಳಿ ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಂಡಿದ್ದೆ. ರೆಪ್ಪೆಗಳನ್ನು ಅರ್ಧ ಇಳಿಸಿದರೆ ಮೇಷ್ಟ್ರು ಪೂರ್ತಿ ಕಾಣುತ್ತಿದ್ದರು. ಕಣ್ಣು ಸ್ವಲ್ಪ ಬಲಕ್ಕೆ ಹೊರಳಿಸಿದರೆ ಎರಡು ಸಾಲುಗಳೂ ಕಾಣುತ್ತಿದ್ದವು. ಹನ್ನೆರಡು ದಿನ ಹೀಗೆ ನೋಡಿದೆ. ಮೇಷ್ಟ್ರು ಯಾರ ಕಿವಿಯಲ್ಲೂ ಏನನ್ನೂ ಪಿಸುಗುಟ್ಟಲಿಲ್ಲ, ಯಾವ ಹೆಂಗಸಿನ ಕಡೆಗೂ ತಪ್ಪಾಗಿ ನೋಡಲಿಲ್ಲ. ದೇವರ ಮಾತನ್ನೂ ಎತ್ತುತ್ತಿರಲಿಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾದರೆ ಇವರಿಗೆ ಬೇಕಾಗಿರುವುದಾದರೂ ಏನು ಎಂದು ನನ್ನ ಅನುಮಾನ ಇನ್ನೂ ಬೆಳೆಯಿತು. ಮನೆಗೆ ಬರುವ ದಾರಿಯಲ್ಲಿ ನಾಗರತ್ನಮ್ಮ, “ಏನ್ರೀ ಇನ್ಸ್‌ಪೆಕ್ಟರ್ ಸಾಹೇಬ್ರೇ, ನಮ್ಮ ಮೇಷ್ಟ್ರು ಪಾಸೋ ಫೇಲೋ? ಸ್ಕೇಲು ಗೀಲು ತಂದಿದ್ರೆ ನನ್ನ ಮಂಡೀನೂ ಒಂದ್ಸಲ ಅಳೆದುಬಿಡಿ” ಎಂದು ಛೇಡಿಸುತ್ತಿದ್ದರು.

ಹದಿಮೂರನೆಯ ದಿನ. ಧನುರ್ಮಾಸ. ಹೊರಗೆ ಮಂಜು ಕವಿದಿತ್ತು. ನಾವು ಹೋದಾಗ ಮೇಷ್ಟ್ರು ಆಗಲೇ ಮಣೆಯ ಮೇಲೆ ಕೂತಿದ್ದರು. ದಿನವೂ ಬಾಗಿಲಲ್ಲಿ ನಿಂತಿರುತ್ತಿದ್ದರು. ಎಡಗಾಲು ಚಾಚಿ ಅದರ ಮೇಲೆ ಶಾಲು ಹೊದ್ದಿದ್ದರು. ಸೀಮೆಸುಣ್ಣದ ಗೆರೆಗಳೂ ಹಿಂದಿನ ದಿನದವೇ, ಅಲ್ಲಲ್ಲಿ ಅಳಿಸಿದ್ದವು. ಹತ್ತಿರ ಹೋದಾಗ ಹುಣಸೆಹಣ್ಣು, ಉಪ್ಪು ಕಲಸಿ ಕಾಯಿಸಿದ ವಾಸನೆ ಬಂತು. ಉಳುಕಿಗೆ ಹಾಕುವ ಪಟ್ಟು. ಶಾಲಿನ ಅಂಚಿನಲ್ಲಿ ಕಂಡ ಕಾಲಿನ ಹರಡು ನನ್ನ ಮುಷ್ಟಿಯಷ್ಟು ಊದಿತ್ತು. ಬೇರೆ ಯಾರೂ ಇದನ್ನು ಗಮನಿಸಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ. ಕೂತಲ್ಲಿಂದಲೇ ಪಾಠ ನಡೆಸಿದರು.

ಶವಾಸನಕ್ಕೆ ಮಲಗಿದಾಗ ಎರಡು ಕಿಟಕಿಗಳಿಂದಲೂ ಬೆಳಕು ಬರುತ್ತಿತ್ತು. ಬಿಸಿಲಲ್ಲ, ಮಂಜಿನ ಬಿಳಿ ಬೆಳಕು. ಪುಸ್ತಕ ಓದುವಷ್ಟು ಇತ್ತು. ದೀಪ ಆರಿಸಿದ್ದರು. ನಾನು ಎಂದಿನಂತೆ ರೆಪ್ಪೆಗಳ ನಡುವಿನಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಗದ್ದ ಎದೆಗೆ ತಾಗಿತು, ಉಸಿರು ಭಾರವಾಯಿತು. ರಾತ್ರಿಯೆಲ್ಲ ನೋವಿನಿಂದ ನಿದ್ದೆಗೆಟ್ಟಿರಬೇಕು, ಕೂತಲ್ಲೇ ನಿದ್ದೆ ಹತ್ತಿತ್ತು. ಎಚ್ಚರವಾಗಿರಿ, ಎಚ್ಚರವಾಗಿರಿ ಎಂದು ಎಲ್ಲರಿಗೂ ಹೇಳುವ ಮನುಷ್ಯ! ಕಡೆಗೂ ಒಂದು ಸಿಕ್ಕಿತು ಎಂದುಕೊಂಡೆ. ಆ ಕ್ಷಣ ನನಗೆ ಆದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ.

ಪಂಚಪಾತ್ರೆ ಅವರ ಬಲ ಮಂಡಿಯ ಪಕ್ಕದಲ್ಲಿ ನೆಲದ ಮೇಲಿತ್ತು. ಉದ್ಧರಣೆ ಅದರೊಳಗೆ, ಹಿಡಿ ಗೋಡೆಯ ಕಡೆಗೆ.

ಆಗ ಬಳೆಯ ಸದ್ದು ಕೇಳಿತು. ಹೆಂಗಸರ ಸಾಲಿನಲ್ಲಿ ಮೊದಲನೆಯವರು ಎದ್ದು ಕೂತು ಸೆರಗಿನಿಂದ ಹಣೆ ಒರೆಸಿಕೊಂಡರು. ಬೇಗ ಎಚ್ಚರವಾಗಿರಬೇಕು ಎಂದುಕೊಂಡೆ. ಎರಡನೆಯವರು ನಾಗರತ್ನಮ್ಮ. ಅವರೂ ಎದ್ದರು, ಹಣೆ ಒರೆಸಿಕೊಂಡರು. ಮೂರನೆಯವಳು ಪದ್ಮ. ಅವಳು ಒರೆಸಿಕೊಳ್ಳಲಿಲ್ಲ, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಮತ್ತೆ ಮೇಷ್ಟ್ರ ಕಡೆ ನೋಡಿದೆ. ಗದ್ದ ಎದೆಯ ಮೇಲೇ ಇತ್ತು. ನಾಲ್ಕನೆಯವರು ಎದ್ದರು. ಐದನೆಯವರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವಿನ ಹೊತ್ತು ಒಂದೇ ಸಮನಾಗಿತ್ತು. ಮೇಷ್ಟ್ರು ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೆಜ್ಜೆಯಿಟ್ಟು, ಬಗ್ಗಿ, ತೊಟ್ಟು ಬಿಡಲು ಹಿಡಿಯುತ್ತಿದ್ದಷ್ಟೇ ಹೊತ್ತು. ಹನ್ನೆರಡು ದಿನ ನೋಡಿ ಅದು ನನಗೆ ಬಾಯಿಪಾಠವಾಗಿತ್ತು.

ಐದನೆಯವರ ನಂತರ ಸ್ವಲ್ಪ ತಡವಾಯಿತು. ಹೆಂಗಸರ ಸಾಲಿನ ಕೊನೆಯಿಂದ ಸುತ್ತಿಕೊಂಡು ಗಂಡಸರ ಸಾಲಿನ ಮೊದಲಿಗೆ ಬರಲು ಹಿಡಿಯುವಷ್ಟು ತಡ. ಆಮೇಲೆ ನಮ್ಮ ಸಾಲಿನ ಮೊದಲನೆಯವರು ಎದ್ದರು.

ಒಂಬತ್ತು ಜನ ಸುಮ್ಮನೆ ಒಬ್ಬರಾದ ಮೇಲೊಬ್ಬರು ಏಳಬಹುದು. ಪಕ್ಕದವರ ಸದ್ದಿಗೆ ಏಳಬಹುದು. ಆದರೆ ಆ ತಡವನ್ನು ಅವರಿಗೆ ಯಾರು ಹೇಳಿಕೊಟ್ಟರು?

ನನ್ನ ಬಲಗಡೆಯವರು ಎದ್ದು ಕೂತಾಗ ನಾನು ಕಣ್ಣನ್ನು ಪೂರ್ತಿ ತೆರೆದೆ. ಮೇಲೆ ಸುಣ್ಣದ ತಾರಸಿ, ಅದರ ಒಂದು ಬಿರುಕು, ಮಂಜಿನ ಬೆಳಕು. ನನಗೂ ತಾರಸಿಗೂ ನಡುವೆ ಯಾರೂ ಇರಲಿಲ್ಲ. ಲೆಕ್ಕದ ಹೊತ್ತು ಕಳೆಯಿತು. ಹುಬ್ಬುಗಳ ನಡುವೆ ತಣ್ಣನೆಯ ಒಂದು ತೊಟ್ಟು ಬಿತ್ತು. ಬಿದ್ದು ಎಡಕ್ಕೆ ಇಳಿದು ಕಿವಿಯ ಹಿಂದೆ ಹೋಯಿತು. ಅದು ಬೀಳುವುದು ನನಗೆ ಕಾಣಲಿಲ್ಲ.

ನಾನು ಎದ್ದು ಕೂತ ಸದ್ದಿಗೆ ಮೇಷ್ಟ್ರಿಗೆ ಎಚ್ಚರವಾಯಿತು. ಒಂಬತ್ತು ಜನವೂ ಎದ್ದು ಕೂತಿರುವುದನ್ನು ನೋಡಿದರು. ಕೈ ಪಂಚಪಾತ್ರೆಯ ಕಡೆ ಹೋಗಿ ಅರ್ಧಕ್ಕೇ ನಿಂತಿತು. ಆಮೇಲೆ ಅವರು ನೇರವಾಗಿ ನನ್ನನ್ನು ನೋಡಿದರು.

ಉಳಿದವರು ಎಂದಿನಂತೆ ಕೈಮುಗಿದು ಹೊರಟರು. ಟವೆಲ್ ಹುಡುಕುವ ನೆಪದಲ್ಲಿ ನಾನು ಹಿಂದುಳಿದು ನೆಲ ನೋಡಿದೆ. ಹಸಿ ಪಟ್ಟು ಕಟ್ಟಿದ ಕಾಲಿನಲ್ಲಿ ನಡೆದಿದ್ದರೆ ಹುಣಸೆಯ ಕಲೆ ಬೀಳಬೇಕಿತ್ತು. ಇರಲಿಲ್ಲ. ಉದ್ಧರಣೆಯ ಹಿಡಿ ಗೋಡೆಯ ಕಡೆಗೇ ಇತ್ತು. ಪಾತ್ರೆಯಲ್ಲಿ ನೀರು ಕಂಠದವರೆಗೆ ಇತ್ತು, ಆದರೆ ಮೊದಲು ಎಷ್ಟಿತ್ತೆಂದು ನಾನು ನೋಡಿಟ್ಟುಕೊಂಡಿರಲಿಲ್ಲ. ಅದು ನನ್ನ ತಪ್ಪು. ತಾರಸಿಯಿಂದ ಮಂಜು ತೊಟ್ಟಿಕ್ಕಿತೇ ಎಂಬ ಅನುಮಾನವೂ ಬಂತು. ಮಾರನೆಯ ದಿನ ಜೇಡರ ಬಲೆ ತೆಗೆಯುತ್ತೇನೆಂದು ಹೇಳಿ ಸ್ಟೂಲು ಹತ್ತಿ ಕೈಯಾಡಿಸಿದೆ. ಬೂದಿಯಂತೆ ಒಣಗಿತ್ತು.

ದಾರಿಯಲ್ಲಿ ನಾಗರತ್ನಮ್ಮ, “ಇವತ್ತು ಮೇಷ್ಟ್ರು ಬೆಕ್ಕಿನ ಹಾಗೆ ಬಂದ್ರು ಕಣ್ರೀ, ಹೆಜ್ಜೆ ಸದ್ದೇ ಇಲ್ಲ” ಎಂದರು. ಅವರು ಮುಂದೆ ಹೋದ ಮೇಲೆ ಪದ್ಮ ನನ್ನ ಪಕ್ಕಕ್ಕೆ ಬಂದಳು.

“ಇವತ್ತು ನಾನು ಮಗೂಗೆ ಹೆಸರಿಟ್ಟೆ ರೀ” ಎಂದಳು.

ನಾನು ನಿಂತೆ.

“ಅಲ್ಲಿ ಮಲಗಿದ್ದಾಗ. ಇಷ್ಟು ದಿನ ಹೆಸರಿಲ್ಲದೆ ಇತ್ತಲ್ಲ, ಕರೆಯಕ್ಕೇ ಆಗ್ತಿರ್ಲಿಲ್ಲ. ಇವತ್ತು ಕರೆದೆ. ಆಮೇಲೆ ನೀರು ಬಿತ್ತು. ಎದ್ದೆ.”

ಹೆಸರನ್ನೂ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ರಸ್ತೆಯಲ್ಲಿ ಜನರಿದ್ದುದರಿಂದ ನಾವಿಬ್ಬರೂ ಅಳಲಿಲ್ಲ. ಆ ಮನೆಗೆ ಅವಳು ಏಕೆ ಹೋಗುತ್ತಾಳೆಂಬುದು ನನಗೆ ಆವತ್ತು ಗೊತ್ತಾಯಿತು. ಅವಳನ್ನು ಅಲ್ಲಿಂದ ಬಿಡಿಸಬೇಕೆಂಬ ಯೋಚನೆ ಅಲ್ಲಿಗೇ ಹೋಯಿತು. ಅದರ ಜಾಗದಲ್ಲಿ, ಅವಳಿಗೆ ಆ ಕ್ಲಾಸು ಎಲ್ಲಿ ಕೈತಪ್ಪೀತೋ ಎಂಬ ಹೆದರಿಕೆ ಬಂತು.

ಅದೇ ಸಂಜೆ ಮೇಷ್ಟ್ರ ಹೆಂಡತಿ ಕಮಲಮ್ಮ ನಮ್ಮ ಮನೆಗೆ ಬಂದು, ಮೇಷ್ಟ್ರು ನನ್ನೊಬ್ಬನನ್ನೇ ಬರಹೇಳಿದ್ದಾರೆ ಎಂದರು. ಹೋದೆ. ಮೇಷ್ಟ್ರು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು.

“ಬನ್ನಿ ರಾಯರೇ. ನೀವು ಕಣ್ಣು ಮುಚ್ಚಲ್ಲ ಅಂತ ನನಗೆ ಮೊದಲನೇ ದಿನದಿಂದ ಗೊತ್ತು. ಬೇಜಾರಿಲ್ಲ. ಇವತ್ತು ಅದು ನನಗೆ ಬೇಕಾಗಿದೆ. ನನಗೆ ಕಣ್ಣು ಹತ್ತಿಬಿಡ್ತು. ಎಚ್ಚರ ಆದಾಗ ಎಲ್ಲರೂ ಎದ್ದು ಕೂತಿದ್ರಿ. ಇವಳು ಅಡುಗೆಮನೆ ಬಿಟ್ಟು ಬಂದಿಲ್ಲ ಅಂತಾಳೆ. ಹೇಳಿ, ನಾನು ಎದ್ದು ಬಂದೆನಾ?”

ಏಕೆ ಕೇಳುತ್ತಿದ್ದೀರಿ ಎಂದೆ.

“ಯಾಕೆ ಅಂದ್ರೆ? ನಾನು ಬರ್ಲಿಲ್ಲ ಅಂದ್ರೆ ಇನ್ಯಾರೋ ಬಂದ ಹಾಗಾಯ್ತಲ್ಲ! ನನ್ನ ಮನೇಲಿ ಅಂಥದ್ದೆಲ್ಲ ಬೇಡ ಸ್ವಾಮಿ. ನಾಗರತ್ನಮ್ಮನ ಬಾಯಿಗೆ ಬಿದ್ರೆ ಸಾಕು, ನಾಳೆ ಜನ ಹಣ್ಣು ಕಾಯಿ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಾರೆ. ನಾನು ನಲವತ್ತು ವರ್ಷ ಹುಡುಗರಿಗೆ ಕಣ್ಣಿಗೆ ಕಂಡಿದ್ದನ್ನ ಮಾತ್ರ ಬರೀರಿ ಅಂತ ಹೇಳ್ಕೊಟ್ಟವನು. ಕಾಣದ್ದು ಏನಾದ್ರೂ ನಡೆದಿದ್ರೆ ನಾಳೆಯಿಂದ ಕ್ಲಾಸು ಮುಚ್ಚಿಬಿಡ್ತೀನಿ. ಅದಕ್ಕೇ ಕೇಳ್ತಿದೀನಿ. ನೋಡಿದವರು ನೀವೊಬ್ಬರೇ.”

ಅವರ ಹಣೆಯಲ್ಲಿ ಬೆವರು ಕಂಡಿತು. ಆ ಮನುಷ್ಯ ನಟಿಸುತ್ತಿರಲಿಲ್ಲ. ಹದಿಮೂರು ದಿನ ನಾನು ಹುಡುಕುತ್ತಿದ್ದ ಮೋಸ ಅವರಲ್ಲಿ ಇರಲಿಲ್ಲವೆಂಬುದು ನನಗೆ ಸಂಪೂರ್ಣ ಖಚಿತವಾದದ್ದು ಆ ಕ್ಷಣದಲ್ಲಿ. ಅದೇ ಕ್ಷಣದಲ್ಲಿ ನಾನು ಅವರಿಗೆ ಮೋಸ ಮಾಡಿದೆ.

“ನೀವೇ ಎದ್ದು ಬಂದ್ರಿ ಮೇಷ್ಟ್ರೇ. ಕುಂಟಿಕೊಂಡು ಬಂದ್ರಿ. ನೀರು ಹಾಕಿ ವಾಪಸ್ ಹೋಗಿ ಕೂತ್ರಿ” ಎಂದೆ.

“ಪಾತ್ರೆ ಎತ್ತಿಕೊಂಡಿದ್ದೆನಾ?”

“ಎಡಗೈಯಲ್ಲಿ.”

“ಹಾಗಾದ್ರೆ ಸರಿ” ಎಂದರು. ದೊಡ್ಡದಾಗಿ ಉಸಿರು ಬಿಟ್ಟರು. ಕಮಲಮ್ಮ ಕಾಫಿ ತಂದರು. ಬಾಗಿಲು ದಾಟುವಾಗ ಹಿಂತಿರುಗಿ ನೋಡಿದೆ. ಮೇಷ್ಟ್ರು ತಮ್ಮ ಊದಿದ ಕಾಲನ್ನೇ ನೋಡುತ್ತಿದ್ದರು.

ಮನೆಗೆ ಬಂದು ಪದ್ಮಳಿಗೆ, ಯಾವ ಮೋಸವೂ ಕಾಣಲಿಲ್ಲ, ನೀನು ಹೋಗು ಎಂದೆ. ಅದು ನಿಜವೇ ಆಗಿತ್ತು. ಅವಳು ತಲೆಯಾಡಿಸಿದಳು. ಉಳಿದದ್ದನ್ನು ಹೇಳಲಿಲ್ಲ.

ಹತ್ತು ದಿನ ಕ್ಲಾಸು ನಡೆಯಿತು. ಮೇಷ್ಟ್ರು ಮಾತ್ರ ಬದಲಾಗಿದ್ದರು. ಪಾಠದ ಮಧ್ಯೆ ನಿಂತು, ಈಗ ನಾನು ಏನು ಹೇಳಿದೆ ಎಂದು ಕೇಳುತ್ತಿದ್ದರು. ನೀರು ಹಾಕಿದ ಮೇಲೆ ಪಾತ್ರೆಯ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡುತ್ತಿದ್ದರು. ಕಮಲಮ್ಮ ಬಾವಿಕಟ್ಟೆಯ ಹತ್ತಿರ ಹೆಂಗಸರೊಂದಿಗೆ ಹೇಳಿಕೊಂಡರಂತೆ, ರಾತ್ರಿ ನಾನು ಎದ್ದು ನಡೆಯುತ್ತೇನೆಯೇ ನೋಡಿಕೋ ಎಂದು ಮೇಷ್ಟ್ರು ತಮ್ಮನ್ನು ಕಾವಲು ಕೂರಿಸುತ್ತಿದ್ದಾರೆಂದು. ಹನ್ನೊಂದನೆಯ ದಿನ ನಾವು ಹೋದಾಗ ನೆಲದ ಮೇಲೆ ಗೆರೆಗಳಿರಲಿಲ್ಲ. ತೊಳೆದು ಒರೆಸಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು, ಇನ್ನು ಮುಂದೆ ಕ್ಲಾಸಿಲ್ಲ, ಕ್ಷಮಿಸಿ ಎಂದರು. ಎಲ್ಲರೂ ಹೋದ ಮೇಲೆ ನಾನು ಕಾರಣ ಕೇಳಿದೆ.

“ನೀವೇ ಹೇಳಿದ್ರಲ್ಲ ರಾಯರೇ. ಅಷ್ಟು ಊದಿದ ಕಾಲು. ನೆಲಕ್ಕೆ ಊರಿದ್ರೆ ಪ್ರಾಣ ಹೋಗೋದು. ಅಂಥಾದ್ರಲ್ಲಿ ಎದ್ದು, ಒಂಬತ್ತು ಜನರ ಹತ್ರ ನಡೆದು, ಬಗ್ಗಿ, ವಾಪಸ್ ಬಂದು ಕೂತಿದೀನಿ. ಒಂದು ಹೆಜ್ಜೆಯೂ ನೆನಪಿಲ್ಲ. ನನ್ನ ಕಾಲು ನನಗೇ ಗೊತ್ತಿಲ್ದೆ ನಡೆದ್ರೆ, ನಾನು ನಿಮಗೆಲ್ಲ ಉಸಿರು ಗಮನಿಸಿ, ಎಚ್ಚರವಾಗಿರಿ ಅಂತ ಯಾವ ಬಾಯಲ್ಲಿ ಹೇಳಲಿ?”

ಕ್ಲಾಸು ಉಳಿಯಲೆಂದು ಹೇಳಿದ ಸುಳ್ಳೇ ಕ್ಲಾಸನ್ನು ಮುಚ್ಚಿಸಿತ್ತು. ನಾನು ಅಲ್ಲೇ ನಿಂತು ನಿಜ ಹೇಳಿದೆ. “ನೀವು ಮಣೆ ಬಿಟ್ಟು ಏಳಲೇ ಇಲ್ಲ, ನಾನು ಸುಳ್ಳು ಹೇಳಿದೆ” ಎಂದೆ. ಹಣೆಯ ಮೇಲೆ ಬಿದ್ದ ತೊಟ್ಟಿನ ವಿಷಯವನ್ನೂ ಹೇಳಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಹೆಂಡತಿಗೋಸ್ಕರ ಹೇಳ್ತಿದೀರಿ, ಅಲ್ವೇ? ಆಕೆಗೆ ಇದರಿಂದ ಒಳ್ಳೇದಾಗಿತ್ತು ಅಂತ ನನಗೂ ಗೊತ್ತು.”

“ಆವತ್ತು ಹೇಳಿದ್ದು ಅವಳಿಗೋಸ್ಕರ ಮೇಷ್ಟ್ರೇ. ಇವತ್ತು ಹೇಳ್ತಿರೋದು ನಿಜ.”

ಅವರು ನಕ್ಕರು. ಕೊಂಕಿಲ್ಲದ ನಗು. “ಆವತ್ತು ಎಡಗೈಯಲ್ಲಿ ಪಾತ್ರೆ ಹಿಡಿದಿದ್ದೆ ಅಂತಲೂ ಹೇಳಿದ್ರಿ. ಅಷ್ಟು ಚೊಕ್ಕಟವಾಗಿ ಹೇಳಿದ್ರಿ. ಇವತ್ತು ಇದನ್ನೂ ಅಷ್ಟೇ ಚೊಕ್ಕಟವಾಗಿ ಹೇಳ್ತಿದೀರಿ. ಯಾವುದನ್ನ ಹಿಡ್ಕೊಳ್ಳಲಿ ಸ್ವಾಮಿ ನಾನು? ಹೋಗಿ ಬನ್ನಿ.”

ಒಂದೆರಡು ವರ್ಷದ ಮೇಲೆ ಅವರು ಮನೆ ಬಿಟ್ಟು ಮಗಳಿದ್ದ ಊರಿಗೆ ಹೋದರು. ಅಲ್ಲಿಯೇ ತೀರಿಕೊಂಡರೆಂದು ಆಮೇಲೆ ಕೇಳಿದೆ. ನನ್ನ ಎರಡು ಮಾತುಗಳಲ್ಲಿ ಯಾವುದನ್ನು ನಂಬಿಕೊಂಡು ಹೋದರೋ ಗೊತ್ತಿಲ್ಲ.

ಪದ್ಮ ಮನೆಯಲ್ಲೇ ಅಭ್ಯಾಸ ಮುಂದುವರಿಸಿದಳು. ಬೆಳಿಗ್ಗೆ ನಡುಮನೆಯಲ್ಲಿ ಜಮಖಾನ ಹಾಸಿ ಮಲಗುತ್ತಿದ್ದಳು, ತನಗೆ ಬೇಕಾದಷ್ಟು ಹೊತ್ತಾದ ಮೇಲೆ ತಾನೇ ಏಳುತ್ತಿದ್ದಳು. ನಾನು ಆ ಹೊತ್ತಿನಲ್ಲಿ ಆ ಕೋಣೆಗೆ ಹೋಗುತ್ತಿರಲಿಲ್ಲ. ಅರವತ್ತರ ದಶಕ ಅರ್ಧ ಕಳೆದ ಮೇಲೆ, ಒಂದು ಭಾನುವಾರ, ಅವಳು ಜಮಖಾನ ಸುತ್ತುತ್ತಿದ್ದಾಗ ನಾನು ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಏಳದೇ ಇದ್ದದ್ದು, ನನ್ನ ಸುಳ್ಳು, ಆಮೇಲಿನ ನಿಜ, ಎಲ್ಲ. ಅವಳು ಕೆಲಸ ನಿಲ್ಲಿಸಿ ಕೇಳಿದಳು.

“ಹಾಗಾದ್ರೆ ಯಾರು ಅಂತ ನಿಮಗೂ ಗೊತ್ತಿಲ್ಲ.”

“ಇಲ್ಲ. ನಿನಗೆ?”

“ಏಳು ಅಂದ ಹಾಗಾಯ್ತು, ಎದ್ದೆ. ಯಾರು ಅಂತ ಕೇಳ್ಬೇಕು ಅನ್ನಿಸ್ಲೇ ಇಲ್ಲ.” ಅವಳ ಮುಖದಲ್ಲಿ ಬೆರಗಿರಲಿಲ್ಲ, ನೋವಿತ್ತು. “ಆದ್ರೆ ಆ ಪುಣ್ಯಾತ್ಮರಿಗೆ ಯಾಕ್ರೀ ಸುಳ್ಳು ಹೇಳಿದ್ರಿ? ಕ್ಲಾಸು ನಿಂತ್ರೆ ನಾನು ಮತ್ತೆ ಬಿದ್ದುಹೋಗ್ತೀನಿ ಅಂದ್ಕೊಂಡ್ರಾ? ನಾನು ಎದ್ದಾಗಿತ್ತಲ್ಲ.”

ಅವಳು ಜಮಖಾನ ಎತ್ತಿ ಮೂಲೆಯಲ್ಲಿಟ್ಟು ಒಳಗೆ ಹೋದಳು.

ಎಷ್ಟೋ ವಿವರಣೆಗಳನ್ನು ನಾನೇ ಕಟ್ಟಿ ನಾನೇ ಕೆಡವಿದ್ದೇನೆ. ಕಮಲಮ್ಮನವರನ್ನು ಅನುಮಾನಿಸಿದೆ. ಅಡುಗೆಮನೆಯ ಬಾಗಿಲು ನನ್ನ ಕಣ್ಣೆದುರಿಗೇ ಇತ್ತು, ಅದು ಅಲುಗಿರಲಿಲ್ಲ. ನನಗೇ ಜೊಂಪು ಹತ್ತಿತ್ತೇ ಎಂದು ಕೇಳಿಕೊಂಡೆ. ಹಾಗಿದ್ದರೆ ಮೇಷ್ಟ್ರು ನಿಜವಾಗಿ ಎದ್ದು ಬಂದಿರಬಹುದು, ನಾನು ಹೇಳಿದ ಸುಳ್ಳೇ ನಿಜವಿರಬಹುದು. ಎಷ್ಟೋ ಸಲ ಹಾಗಿರಲಿ ಎಂದು ಆಸೆಪಟ್ಟಿದ್ದೇನೆ. ಆದರೆ ಹಿಡಿ ಗೋಡೆಯ ಕಡೆಗಿದ್ದ ಉದ್ಧರಣೆಯನ್ನೂ, ಎದೆಗೆ ತಾಗಿದ್ದ ಗದ್ದವನ್ನೂ, ಒಬ್ಬೊಬ್ಬರೂ ಎದ್ದ ಕ್ರಮವನ್ನೂ ನಾನು ಕಂಡಿದ್ದೇನೆ. ಆ ಬೆಳಿಗ್ಗೆ ಮೇಷ್ಟ್ರು ಏಳಲಿಲ್ಲ. ನನ್ನ ಹಣೆಯ ಮೇಲೆ ಯಾರು ನೀರು ಬಿಟ್ಟರೋ ನಾನು ಕಾಣಲಿಲ್ಲ. ಕಣ್ಣು ತೆರೆದೇ ಇತ್ತು.